‘ಒಂದು ಉದಾಹರಣೆ ಹೇಳಿ’ ಅಂದಾಗ: ದೊಡ್ಡ ಕಂಪನಿಯ ಬಿಹೇವಿಯರಲ್ ರೌಂಡ್‌ಗೆ ತಯಾರಿ

(ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕ್ಯಾಂಪಸ್ ಸೀಸನ್ ಹತ್ತಿರ ಬಂತು ಅಂದರೆ ನೀವೆಲ್ಲ ಆಪ್ಟಿಟ್ಯೂಡ್‌ಗೆ, ಕೋಡಿಂಗ್‌ಗೆ ತಿಂಗಳುಗಟ್ಟಲೆ ಕೂರುತ್ತೀರಿ. ‘ತಂಡದಲ್ಲಿ ಯಾರ ಜೊತೆಗಾದರೂ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ, ನೀವೇನು ಮಾಡಿದಿರಿ?’ ಎಂಬ ಪ್ರಶ್ನೆಗೆ ಮಾತ್ರ ತಯಾರಿಯೇ ಇರುವುದಿಲ್ಲ. ಹೀಗೆ ನೀವು ಹಿಂದೆ ನಿಜವಾಗಿ ಮಾಡಿದ್ದನ್ನು ಕೇಳುವ ಸುತ್ತಿಗೇ ಬಿಹೇವಿಯರಲ್ ರೌಂಡ್ ಅನ್ನುವುದು. ಅದೇನು ಮಹಾ, ಆ ಹೊತ್ತಿಗೆ ಹೊಳೆದದ್ದು ಹೇಳಿದರಾಯಿತು ಅನ್ನುವ ಧೈರ್ಯ. ಕೋಡಿಂಗ್ ಚೆನ್ನಾಗಿ ಮಾಡಿದವರ ಕೈಯಿಂದಲೂ ಕೆಲಸ ಜಾರಿ ಹೋಗುವುದು ಇಲ್ಲೇ. ಅದರಲ್ಲೂ ನಮ್ಮ ಮಲೆನಾಡಿನ ಕಡೆಯ ಮಕ್ಕಳು ಎಡವುವ ಜಾಗ ಒಂದಿದೆ: ತಾವು ಮಾಡಿದ ಕೆಲಸವನ್ನು ತಾವೇ ಮಾಡಿದ್ದು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಸೇರಿ ಮಾಡಿದೆವು, ಹಾಗೇ ಆಯಿತು, ಸರ್ ಸಹಾಯ ಮಾಡಿದರು. ಮನೆಯಲ್ಲಿ ಇದು ಒಳ್ಳೆಯ ಗುಣ. ಸಂದರ್ಶನದಲ್ಲಿ ಇದರಿಂದ ಎದುರು ಕೂತವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನಿಮ್ಮ ಪಾಲಿನ ಕೆಲಸವನ್ನು ಹೆಚ್ಚಿಸದೆ, ಕಡಿಮೆ ಮಾಡದೆ, ಪುರಾವೆ ಕೊಟ್ಟ ಹಾಗೆ ಹೇಳುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಇಂಥ ಪ್ರಶ್ನೆ ಯಾಕೆ ಕೇಳುತ್ತಾರೆ

ಇದು ಎಚ್‌ಆರ್‌ನವರಿಗೆ ಆ ಕ್ಷಣಕ್ಕೆ ಹೊಳೆದ ಪ್ರಶ್ನೆ ಅಂತ ತಿಳಿಯಬೇಡಿ. ಇದರ ಬೇರು ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗುತ್ತದೆ. ಅಮೆರಿಕದ ಸೇನೆಯ ವಿಮಾನ ದಳದಲ್ಲಿ ಪೈಲಟ್‌ಗಳ ಆಯ್ಕೆ ಮತ್ತು ತರಬೇತಿಯ ಮೇಲೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ ತಮ್ಮ ವಿಧಾನವನ್ನು 1954ರಲ್ಲಿ ಲೇಖನವಾಗಿ ಪ್ರಕಟಿಸಿದರು. ಅದರ ತಿರುಳು ಸರಳ. ಒಳ್ಳೆಯ ಪೈಲಟ್ ಹೇಗಿರಬೇಕು ಅಂತ ಕೇಳಿದರೆ ಜನ ಅಭಿಪ್ರಾಯ ಹೇಳುತ್ತಾರೆ: ಧೈರ್ಯ ಇರಬೇಕು, ಶಿಸ್ತು ಇರಬೇಕು. ಯಾವ ಸಂದರ್ಭದಲ್ಲಿ ಯಾರು ಏನು ಮಾಡಿದ್ದರಿಂದ ಕೆಲಸ ಆಯಿತು ಅಥವಾ ಕೆಟ್ಟಿತು ಅಂತ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಎರಡನೆಯದೇ ಉಪಯೋಗಕ್ಕೆ ಬರುವಂಥದ್ದು. 1980ರ ದಶಕದ ಹೊತ್ತಿಗೆ ಇದೇ ವಿಚಾರ ಉದ್ಯೋಗ ಸಂದರ್ಶನಗಳ ಸಂಶೋಧನೆಯಲ್ಲಿ ಬೇರೂರಿತು. ಅಭ್ಯರ್ಥಿಗಳ ಆಯ್ಕೆಯ ಬಗ್ಗೆ ದಶಕಗಳಿಂದ ನಡೆದ ಅಧ್ಯಯನಗಳನ್ನು 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮತ್ತೆ ಲೆಕ್ಕ ಹಾಕಿ ನೋಡಿದರು. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಒಂದೇ ಅಳತೆಗೋಲು ಇಟ್ಟು ನಡೆಸುವ ಸಂದರ್ಶನವೇ ಆ ಪಟ್ಟಿಯಲ್ಲಿ ಮೇಲೆ ನಿಂತಿತು. ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂಬುದರ ಜೊತೆ ಅದರ ಸಹಸಂಬಂಧ ಸುಮಾರು 0.42 (ಏನೂ ನಂಟಿಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1). ಕಂಪನಿಗಳು ಈ ಪ್ರಶ್ನೆಗಳನ್ನು ಬಿಡದಿರುವುದಕ್ಕೆ ಇಂಥ ಆಧಾರ ಇದೆ.

ಸಂದರ್ಶಕರ ಕೈಯಲ್ಲಿ ಏನಿರುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಿ. 45 ನಿಮಿಷ, ಒಂದೊಂದು ಕಡೆ ಒಂದು ಗಂಟೆ. ಅಷ್ಟರಲ್ಲಿ ಎರಡರಿಂದ ನಾಲ್ಕು ಮುಖ್ಯ ಪ್ರಶ್ನೆ, ಪ್ರತಿಯೊಂದಕ್ಕೂ ಬಾಲದ ಹಾಗೆ ಉಪಪ್ರಶ್ನೆಗಳು. ನೀವು ಮಾತಾಡುವಾಗ ಅವರು ಬರೆದುಕೊಳ್ಳುತ್ತಾ ಇರುತ್ತಾರೆ, ಅಥವಾ ಕೀಬೋರ್ಡ್ ಸದ್ದು ಕೇಳುತ್ತದೆ. ಅದನ್ನು ಕೇಳಿ ಗಾಬರಿ ಬೀಳಬೇಡಿ. ಬರೆಯುವುದು ನಿಂತರೆ ಯೋಚನೆ ಮಾಡಬೇಕು. ಸಂದರ್ಶನ ಮುಗಿದ ಮೇಲೆ ಅವರು ಆ ಟಿಪ್ಪಣಿಯ ಆಧಾರದ ಮೇಲೆ ಅಭಿಪ್ರಾಯ ಬರೆದು ಒಪ್ಪಿಸಬೇಕು, ಆಮೇಲೆ ಬೇರೆ ಸಂದರ್ಶಕರ ಜೊತೆ ಕೂತು ತೀರ್ಮಾನ ಮಾಡಬೇಕು. ಆ ಕೋಣೆಯಲ್ಲಿ ನೀವು ಇರುವುದಿಲ್ಲ. ನಿಮ್ಮ ಪರವಾಗಿ ಮಾತಾಡುವುದು ಆ ಟಿಪ್ಪಣಿ ಒಂದೇ. ‘ಹುಡುಗಿ ಚುರುಕಾಗಿದ್ದಾಳೆ’ ಅಂತ ಬರೆದರೆ ಯಾರೂ ಒಪ್ಪುವುದಿಲ್ಲ. ಆಕೆ ಏನು ಕಂಡಳು, ಏನು ನಿರ್ಧಾರ ಮಾಡಿದಳು, ಏನಾಯಿತು ಅನ್ನುವುದು ಬರಹದಲ್ಲಿ ಇರಬೇಕು. ಆದ್ದರಿಂದ ಬರೆದುಕೊಳ್ಳುವಂಥದ್ದನ್ನು ಕೊಡುವುದು ನಿಮ್ಮ ಕೆಲಸ.

ಕಂಪನಿಗಳು ಏನನ್ನು ಹುಡುಕುತ್ತವೆ ಅನ್ನುವುದು ಗುಟ್ಟೇನಲ್ಲ. ಅಮೆಜಾನ್ ತನ್ನ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು, ಅಂದರೆ ತನ್ನವರಲ್ಲಿ ಬಯಸುವ ನಡವಳಿಕೆಯ ತತ್ವಗಳನ್ನು, ವೆಬ್‌ಸೈಟಿನಲ್ಲೇ ಹಾಕಿದೆ. 14 ಇದ್ದದ್ದು 2021ರಲ್ಲಿ 16 ಆಯಿತು. ಅಲ್ಲಿ ಒಬ್ಬೊಬ್ಬ ಸಂದರ್ಶಕರಿಗೆ ಬೇರೆ ಬೇರೆ ಪ್ರಿನ್ಸಿಪಲ್ ಹಂಚಿರುತ್ತಾರೆ. ಜೊತೆಗೆ ‘ಬಾರ್ ರೈಸರ್’ ಅಂತ, ನೇಮಕ ಮಾಡಿಕೊಳ್ಳುವ ತಂಡಕ್ಕೆ ಸೇರದ ಒಬ್ಬರೂ ಇರುತ್ತಾರೆ. ಆ ಖಾಲಿ ಜಾಗ ತುಂಬುವ ಅವಸರ ಅವರಿಗಿರುವುದಿಲ್ಲ, ಅದಕ್ಕೇ ಅವರ ಪ್ರಶ್ನೆ ಆಳಕ್ಕೆ ಹೋಗುತ್ತದೆ. ಗೂಗಲ್‌ನಲ್ಲಿ ಇಂಥ ಗುಣಗಳಿಗೆ ಹೆಸರು ಬೇರೆ, ಇನ್ಫೋಸಿಸ್ ತನ್ನ ಮೌಲ್ಯಗಳಿಗೆ ಸಿ-ಲೈಫ್ ಅಂತ ಹೆಸರಿಟ್ಟಿದೆ. ನೀವು ಹೋಗುವ ಕಂಪನಿಯ ಈ ಪುಟವನ್ನು ಓದಿ, ಆದರೆ ಆ ಪದಗಳನ್ನೇ ಉತ್ತರದಲ್ಲಿ ತುರುಕಬೇಡಿ. ‘ನಾನು ಓನರ್‌ಶಿಪ್ (ಹೊಣೆ ಹೊರುವ ಗುಣ) ತೋರಿಸಿದೆ’ ಅಂತ ನೀವೇ ಹೇಳಿದರೆ, ಅದು ಸಂದರ್ಶಕರು ಬರೆಯಬೇಕಾದ ತೀರ್ಪನ್ನು ನೀವು ಕೊಟ್ಟ ಹಾಗಾಯಿತು. ಅವರಿಗೆ ಬೇಕಾದದ್ದು ಘಟನೆ.

ಒಂದು ಎಚ್ಚರಿಕೆ. ಸಾಮೂಹಿಕವಾಗಿ ನೇಮಿಸಿಕೊಳ್ಳುವ ಸರ್ವಿಸ್ ಕಂಪನಿಗಳ ಎಚ್‌ಆರ್ ರೌಂಡ್‌ನಲ್ಲಿ ಊರು ಬಿಟ್ಟು ಬರುತ್ತೀರಾ, ನೈಟ್ ಶಿಫ್ಟ್ ಆಗುತ್ತದಾ ಅನ್ನುವ ಪ್ರಶ್ನೆಗಳೇ ಹೆಚ್ಚು. ಅವಕ್ಕೆ ಉತ್ತರ ಒಂದು ಸಾಲು. ಮನೆಯಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಅಲ್ಲಿ ಕೂತು ‘ಅಪ್ಪನ್ನ ಕೇಳಿ ಹೇಳ್ತೀನಿ’ ಅನ್ನಬೇಡಿ.

ಘಟನೆಗಳ ದಾಸ್ತಾನು

ತಯಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೆ ಉತ್ತರ ಉರು ಹೊಡೆಯುವುದು. ಪ್ರಶ್ನೆಗಳು ನೂರಾರು ಇವೆ, ಕೇಳುವವರು ಮಾತು ತಿರುಗಿಸಿ ಕೇಳುತ್ತಾರೆ. ಘಟನೆಗಳನ್ನು ಕೂಡಿಡಿ. ಎಂಟರಿಂದ ಹತ್ತು ಸಾಕು.

ಒಂದು ಎ4 ಹಾಳೆ ಅಡ್ಡ ಇಟ್ಟುಕೊಳ್ಳಿ. ಎಡಗಡೆ ಘಟನೆಗಳು, ಮೇಲ್ಗಡೆ ವಿಷಯಗಳು: ಭಿನ್ನಾಭಿಪ್ರಾಯ, ಸೋಲು, ಗಡುವಿನ ಒತ್ತಡ, ಹೊಸದನ್ನು ಬೇಗ ಕಲಿತದ್ದು, ಅಧಿಕಾರ ಇಲ್ಲದೆಯೂ ಒಬ್ಬರನ್ನು ಒಪ್ಪಿಸಿದ್ದು, ಯಾರೂ ಹೇಳದೆ ಹೊಣೆ ಹೊತ್ತದ್ದು, ಟೀಕೆ ಕೇಳಿ ತಿದ್ದಿಕೊಂಡದ್ದು, ಪೂರ್ತಿ ಮಾಹಿತಿ ಇಲ್ಲದೆ ನಿರ್ಧಾರ ಮಾಡಿದ್ದು, ಬಳಸುವವರ ಕಷ್ಟ ನೋಡಿ ಏನಾದರೂ ಬದಲಾಯಿಸಿದ್ದು. ಒಂದು ಘಟನೆ ಎರಡು ಮೂರು ಕಾಲಂಗಳಿಗೆ ಹೊಂದುತ್ತದೆ, ಅಲ್ಲೆಲ್ಲ ಗುರುತು ಹಾಕಿ. ಗುರುತೇ ಇಲ್ಲದ ಕಾಲಂ ಕಂಡರೆ ಅದಕ್ಕೆ ಹುಡುಕಿ. ಹೆಚ್ಚಿನವರ ಹಾಳೆಯಲ್ಲಿ ಖಾಲಿ ಉಳಿಯುವುದು ‘ಸೋಲು’ ಮತ್ತು ‘ಟೀಕೆ’. ಒಂದೇ ಘಟನೆಗೆ ಏಳು ಗುರುತು ಬಿದ್ದಿದ್ದರೆ ಅದೂ ತೊಂದರೆ, ಯಾಕೆಂದರೆ ನಾಲ್ಕು ಸಂದರ್ಶಕರಿಗೂ ಅದನ್ನೇ ಹೇಳುತ್ತೀರಿ. ಅವರು ಆಮೇಲೆ ಟಿಪ್ಪಣಿ ಹೋಲಿಸಿ ನೋಡಿದಾಗ ನಿಮ್ಮ ಹತ್ತಿರ ಇದ್ದದ್ದು ಒಂದೇ ಘಟನೆ ಅಂತ ಗೊತ್ತಾಗುತ್ತದೆ.

‘ನಮ್ಮ ಜೀವನದಲ್ಲಿ ಅಂಥದ್ದೇನೂ ನಡೆದಿಲ್ಲ’ ಅಂತ ಹಲವರು ಹೇಳುತ್ತಾರೆ. ನಡೆದಿರುತ್ತದೆ, ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಎನ್‌ಎಸ್‌ಎಸ್ ಕ್ಯಾಂಪ್‌ನ ಅಡುಗೆ ಉಸ್ತುವಾರಿ, ಹಾಸ್ಟೆಲ್ ಮೆಸ್‌ನ ಲೆಕ್ಕ, ಕಾಲೇಜ್ ಫೆಸ್ಟ್‌ನ ದುಡ್ಡು, ವಾಲಿಬಾಲ್ ತಂಡ, ಟ್ಯೂಷನ್ ಹೇಳಿದ್ದು. ಹಳೆಯ ವಾಟ್ಸಾಪ್ ಗ್ರೂಪ್ ತೆರೆದು ಮೇಲಕ್ಕೆ ಸರಿಸುತ್ತಾ ಹೋಗಿ, ಜಗಳ ಆದದ್ದು ಯಾವತ್ತು, ಯಾರು ಏನಂದರು ಎಲ್ಲ ಅಲ್ಲೇ ಇದೆ. ಗಿಟ್ ಕಮಿಟ್‌ಗಳ (ಕೋಡ್ ಬದಲಾಯಿಸಿದ ದಾಖಲೆಗಳ) ದಿನಾಂಕ, ಲ್ಯಾಬ್ ರೆಕಾರ್ಡ್, ಅಂಗಡಿ ಬಿಲ್, ಗೈಡ್‌ಗೆ ಕಳಿಸಿದ ಮೇಲ್, ಇವೆಲ್ಲ ನಿಮ್ಮ ಅಂಕಿಗಳು ಸಿಗುವ ಜಾಗ. ನೆನಪಿನಿಂದ ಹೇಳಿದ ಅಂಕಿ ಉಪಪ್ರಶ್ನೆ ಬಂದ ಕೂಡಲೇ ಅಲುಗಾಡುತ್ತದೆ.

ತೋಟದ ಮನೆಯಿಂದ ಬಂದವರು ತೋಟದ ಕೆಲಸವನ್ನು ಮುಚ್ಚಿಡುತ್ತಾರೆ. ಯಾಕೆ ಮುಚ್ಚಿಡಬೇಕು? ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಉಸ್ತುವಾರಿ ಒಂದು ಮಳೆಗಾಲ ನಿಮ್ಮ ಮೇಲೆ ಬಿದ್ದಿತ್ತು ಅಂದುಕೊಳ್ಳಿ. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ನಡುವೆ ಮಳೆ ಬಿಡುವು ಕೊಟ್ಟ ದಿನವೇ ಮರ ಹತ್ತುವವರು ಸಿಗಬೇಕು, ಅದೇ ದಿನ ಊರಿನ ಎಲ್ಲರಿಗೂ ಅವರೇ ಬೇಕು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಸೇರಿಸಬೇಕು, ಹದ ತಪ್ಪಿದರೆ ಔಷಧಿಯೂ ದಂಡ, ಕೂಲಿಯೂ ದಂಡ. ಜನ, ಹವಾಮಾನ, ಸಾಮಾನು, ಗಡುವು ಎಲ್ಲ ಇರುವ ಕೆಲಸ ಇದು. ಇಂಥ ಕಡೆ ನೀವು ಒಂದು ನಿರ್ಧಾರ ಮಾಡಿದ್ದರೆ, ಉದಾಹರಣೆಗೆ ಪಕ್ಕದ ಎರಡು ಮನೆಯವರ ಜೊತೆ ಮಾತಾಡಿ ದಿನ ಹಂಚಿಕೊಂಡಿದ್ದರೆ, ಅದು ಪ್ರಾಜೆಕ್ಟ್‌ನಷ್ಟೇ ಗಟ್ಟಿ ಘಟನೆ. ಒಂದೇ ಷರತ್ತು: ಹೈದರಾಬಾದಿನಲ್ಲೋ ಗುರುಗ್ರಾಮದಲ್ಲೋ ಕೂತ ಸಂದರ್ಶಕರಿಗೆ ಅಡಿಕೆಯೂ ಗೊತ್ತಿಲ್ಲ, ಕೊಳೆಯೂ ಗೊತ್ತಿಲ್ಲ. ‘ನಮ್ಮದು ಅಡಿಕೆ ಬೆಳೆ. ಮಳೆಗಾಲದಲ್ಲಿ ಸರಿಯಾದ ಸಮಯಕ್ಕೆ ಔಷಧಿ ಹೊಡೆಯದಿದ್ದರೆ ಕಾಯಿ ಕೊಳೆತು ಉದುರುತ್ತದೆ’ ಅಂತ ಎರಡು ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೋಗಿ.

ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ

ಸ್ಟಾರ್ (STAR: ಸಿಚುಯೇಶನ್, ಟಾಸ್ಕ್, ಆಕ್ಷನ್, ರಿಸಲ್ಟ್) ಅನ್ನುವ ಚೌಕಟ್ಟನ್ನು ಎಲ್ಲರೂ ಕೇಳಿರುತ್ತೀರಿ: ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ. ಅಮೆಜಾನ್ ತನ್ನ ಅಭ್ಯರ್ಥಿಗಳಿಗೆ ತಾನೇ ಇದನ್ನು ಸೂಚಿಸುತ್ತದೆ. ಚೌಕಟ್ಟು ಗೊತ್ತಿದ್ದರೂ ಕೆಡುವುದು ಅಳತೆಯಲ್ಲಿ. ಒಟ್ಟು ಎರಡರಿಂದ ಮೂರು ನಿಮಿಷ. ಅದರಲ್ಲಿ ಸನ್ನಿವೇಶ ಮತ್ತು ಹೊಣೆ ಸೇರಿ 40 ಸೆಕೆಂಡ್ ಮೀರಬಾರದು, ಮಾಡಿದ್ದಕ್ಕೆ ಒಂದೂವರೆ ನಿಮಿಷ, ಫಲಕ್ಕೆ 20–30 ಸೆಕೆಂಡ್. ನಮ್ಮವರು ಇದನ್ನು ತಲೆಕೆಳಗು ಮಾಡುತ್ತಾರೆ. ಹಿನ್ನೆಲೆಯೇ ಎರಡು ನಿಮಿಷ.

ಭಿನ್ನಾಭಿಪ್ರಾಯದ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ:

‘ನಮ್ಮ ಪ್ರಾಜೆಕ್ಟ್ ಅಡಿಕೆ ತೋಟಕ್ಕೆ ಸ್ಮಾರ್ಟ್ ನೀರಾವರಿ. ಈಗಿನ ಕಾಲದಲ್ಲಿ ಬೇಸಿಗೆಯಲ್ಲಿ ನೀರಿನ ಅಭಾವ ತುಂಬಾ ಇದೆ. ರೈತರಿಗೆ ಅನುಕೂಲ ಆಗಲಿ ಅಂತ ನಾವು ನಾಲ್ಕು ಜನ ಸೇರಿ ಇದನ್ನು ತಗೊಂಡ್ವಿ. ಸೆನ್ಸರ್ ವಿಷಯದಲ್ಲಿ ಸ್ವಲ್ಪ ಅಭಿಪ್ರಾಯ ಭೇದ ಬಂತು. ಆಮೇಲೆ ಎಲ್ಲರೂ ಕೂತು ಮಾತಾಡಿ ಬಗೆಹರಿಸಿಕೊಂಡ್ವಿ. ಪ್ರಾಜೆಕ್ಟ್ ಚೆನ್ನಾಗಿ ಬಂತು, ಸರ್ ಮೆಚ್ಚಿಕೊಂಡ್ರು.’

ಇದರಲ್ಲಿ ಸುಳ್ಳಿಲ್ಲ. ಆದರೆ ಸಂದರ್ಶಕರು ಬರೆದುಕೊಳ್ಳಲು ಒಂದು ಸಾಲೂ ಇಲ್ಲ. ಭೇದ ಏನು? ನಿಮ್ಮ ನಿಲುವು ಯಾವುದು? ‘ಕೂತು ಮಾತಾಡಿ’ ಅನ್ನುವ ಎರಡು ಪದದಲ್ಲಿ ಇಡೀ ಉತ್ತರ ಹೂತುಹೋಗಿದೆ. ಅದೇ ಘಟನೆಯನ್ನು ಹೀಗೆ ಹೇಳಬಹುದು:

‘ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ಕು ಜನ. ಮಣ್ಣಿನ ತೇವ ಅಳೆದು ಪಂಪನ್ನು ತಾನೇ ಚಾಲೂ ಮಾಡಿ ನಿಲ್ಲಿಸುವ ವ್ಯವಸ್ಥೆ. ಸೆನ್ಸರ್‌ಗಳು ನನ್ನ ಹೊಣೆ. ಡೆಮೊಗೆ ಮೂರು ವಾರ ಇರುವಾಗ, ಮಣ್ಣು ಒದ್ದೆ ಇದ್ದರೂ ಸೆನ್ಸರ್ ಒಣಗಿದೆ ಅಂತ ತೋರಿಸತೊಡಗಿತು. ಕೋಡ್ ಬರೆಯುತ್ತಿದ್ದ ಗೆಳೆಯ, ಕೋಡ್‌ನಲ್ಲೇ ಮಿತಿ ಬದಲಾಯಿಸೋಣ, ಹೊಸ ಸೆನ್ಸರ್‌ಗೆ ಸಮಯ ಇಲ್ಲ ಅಂದ. ಅವನು ಹೇಳಿದ್ದರಲ್ಲೂ ಅರ್ಥ ಇತ್ತು, ವೈರಿಂಗ್ ಬದಲಾಯಿಸಲು ಮೂರು ದಿನ ಬೇಕಿತ್ತು. ನನಗೆ ಸೆನ್ಸರ್ ಮೇಲೇ ಅನುಮಾನ. ಅಳೆದು ನೋಡಿ ತೀರ್ಮಾನ ಮಾಡೋಣ ಅಂತ ಅವನ ಹತ್ತಿರ ಐದು ದಿನ ಕೇಳಿದೆ. ಒಂದೇ ಕುಂಡದಲ್ಲಿ ಹಳೆಯ ಸೆನ್ಸರ್, ಅದೇ ಮಾದರಿಯ ಹೊಸದು, ಲೋಹ ನೇರವಾಗಿ ಮಣ್ಣಿಗೆ ತಾಗದ ಒಂದು ಕೆಪಾಸಿಟಿವ್ ಸೆನ್ಸರ್, ಮೂರನ್ನೂ ನೆಟ್ಟೆ. ಆ ಮಣ್ಣಿನದೇ ಸ್ಯಾಂಪಲ್ ತೂಗಿ, ಸಿವಿಲ್ ಲ್ಯಾಬ್‌ನ ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ, ನಿಜವಾದ ತೇವ ಎಷ್ಟು ಅಂತ ತೆಗೆದೆ. ಹಳೆಯ ಸೆನ್ಸರ್ ದಿನದಿಂದ ದಿನಕ್ಕೆ ದೂರ ಸರಿಯುತ್ತಿತ್ತು. ಕಿತ್ತು ನೋಡಿದರೆ ಕಡ್ಡಿಗಳ ಲೋಹದ ಲೇಪ ತಿಂದುಹೋಗಿತ್ತು; ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿಯುತ್ತಿದ್ದದ್ದೇ ಕಾರಣ. ಟೇಬಲ್ ನೋಡಿ ಅವನು ಒಪ್ಪಿದ. ಕೆಪಾಸಿಟಿವ್ ಸೆನ್ಸರ್‌ಗೆ ತಕ್ಕ ಹಾಗೆ ವೈರಿಂಗ್ ನಾನು ಬದಲಾಯಿಸಿದೆ, ಹೊಸ ಮಿತಿಗಳ ಕೋಡ್ ಅವನು ಬರೆದ. ಡೆಮೊದಲ್ಲಿ ಹತ್ತು ಸಲ ಪರೀಕ್ಷೆ ಮಾಡಿದಾಗ ಒಂಬತ್ತು ಸಲ ಪಂಪ್ ಸರಿಯಾಗಿ ನಿಂತಿತು. ತಪ್ಪಿದ ಒಂದು ಸಲ ಸೆನ್ಸರ್ ಅರ್ಧ ಮಣ್ಣಿನಿಂದ ಮೇಲೆದ್ದಿತ್ತು. ವರದಿಯಲ್ಲಿ ಅದನ್ನೂ ಬರೆದೆವು.’

ಇಲ್ಲಿ ‘ನಾನು’ ಎಲ್ಲಿ ಬಂದಿದೆ, ‘ನಾವು’ ಎಲ್ಲಿ ಉಳಿದಿದೆ ಗಮನಿಸಿ. ಪ್ರಾಜೆಕ್ಟ್ ನಮ್ಮದು, ವರದಿ ನಮ್ಮದು, ಪ್ರಯೋಗ ಮತ್ತು ವೈರಿಂಗ್ ನನ್ನದು, ಕೋಡ್ ಅವನದು. ಯಾರ ಪಾಲನ್ನೂ ಕಸಿದುಕೊಂಡಿಲ್ಲ. ‘ನಾನು’ ಅಂದರೆ ಜಂಬ ಆಗುತ್ತದೆ ಎಂಬ ಅಳುಕು ಇರುವವರಿಗೆ ಇದೇ ದಾರಿ: ಬೇರೆಯವರ ಪಾಲನ್ನೂ ಹೆಸರಿಸಿ ಹೇಳಿದಾಗ ನಿಮ್ಮ ಪಾಲು ತಾನಾಗಿ ಸ್ಪಷ್ಟವಾಗುತ್ತದೆ. ಗೆಳೆಯನ ವಾದವನ್ನು ಅವನು ಕೇಳಿದರೂ ಹೌದು ಅನ್ನುವ ಹಾಗೆ ಹೇಳಿರುವುದು ಎರಡನೇ ಗುಣ. ಭಿನ್ನಾಭಿಪ್ರಾಯದ ಪ್ರಶ್ನೆಯಲ್ಲಿ ಸಂದರ್ಶಕರು ಮುಖ್ಯವಾಗಿ ನೋಡುವುದೇ ಅದನ್ನು. ಎದುರಿನವನು ದಡ್ಡ, ಸೋಮಾರಿ ಅಂತ ಚಿತ್ರಿಸಿದರೆ ನಾಳೆ ತಮ್ಮ ತಂಡದವರ ಬಗ್ಗೆಯೂ ಹೀಗೇ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಇನ್ನು ಹತ್ತರಲ್ಲಿ ಒಂಬತ್ತು ಅನ್ನುವ ಫಲ. ತಪ್ಪಿದ ಆ ಒಂದನ್ನೂ ಕಾರಣದ ಸಮೇತ ಹೇಳಿದ್ದರಿಂದಲೇ ಉಳಿದ ಒಂಬತ್ತರ ಮೇಲೆ ನಂಬಿಕೆ ಬರುತ್ತದೆ.

ನಿಮ್ಮ ಮಾತೇ ಗೆದ್ದ ಘಟನೆ ಆಗಬೇಕು ಅಂತೇನೂ ಇಲ್ಲ. ವಾದ ಮಾಡಿ, ಸೋತು, ತೀರ್ಮಾನ ಆದ ಮೇಲೆ ಮನಸ್ಸಿಟ್ಟು ಅದೇ ಕೆಲಸ ಮಾಡಿದ ಘಟನೆಗೂ ಅಷ್ಟೇ ಬೆಲೆ ಇದೆ.

ಉಪಪ್ರಶ್ನೆಗಳು

ಮೊದಲ ಉತ್ತರ ಬಾಗಿಲಷ್ಟೇ. ಮೇಲಿನ ಉತ್ತರಕ್ಕೆ ಏನೆಲ್ಲ ಬರಬಹುದು ನೋಡಿ. ಮೂರೇ ವಾರ ಇರುವಾಗ ಐದು ದಿನ ಅಳೆಯುವುದಕ್ಕೆ ಕೊಟ್ಟದ್ದು ಸರಿಯೇ? ಗೈಡ್ ಏನಂದರು? ಉಳಿದ ಇಬ್ಬರು ಯಾರ ಕಡೆ ಇದ್ದರು? ಈ ದೋಷ ಮೊದಲೇ ಯಾಕೆ ಸಿಕ್ಕಲಿಲ್ಲ? ಕೊನೆಯದು ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ನಿಜವಾಗಿ ಕೆಲಸ ಮಾಡಿದವರ ಹತ್ತಿರ ಮಾತ್ರ: ‘ಶುರುವಿನಲ್ಲಿ ಟೇಬಲ್ ಮೇಲೆ ಒಂದು ದಿನ ಅಷ್ಟೇ ಪರೀಕ್ಷೆ ಮಾಡಿದ್ದೆ, ಲೇಪ ಹೋಗುವುದಕ್ಕೆ ವಾರಗಳು ಬೇಕು. ಮಣ್ಣಿನಲ್ಲಿ ಬಿಟ್ಟು ನೋಡುವ ಪರೀಕ್ಷೆ ಮೊದಲ ತಿಂಗಳೇ ಶುರು ಮಾಡಬೇಕಿತ್ತು.’ ಈ ಉತ್ತರದಿಂದ ನಿಮ್ಮ ಅಂಕ ಕಡಿಮೆಯಾಗುವುದಿಲ್ಲ, ಮೇಲೇರುತ್ತದೆ.

ಕಟ್ಟುಕತೆ ಮುರಿದು ಬೀಳುವುದೂ ಇಲ್ಲೇ. ಸೀನಿಯರ್ ಹೇಳಿದ ಘಟನೆ, ಎಐ ಬರೆದುಕೊಟ್ಟ ಘಟನೆ ಮೊದಲ ಎರಡು ನಿಮಿಷ ಚೆನ್ನಾಗಿ ಓಡುತ್ತದೆ. ಎರಡನೇ ಉಪಪ್ರಶ್ನೆಗೆ ‘ಅದು... ಆಗ ಏನಾಯ್ತಂದ್ರೆ...’ ಅಂತ ತಡವರಿಸುತ್ತದೆ. ಎಐ ಸಹಾಯವನ್ನು ಬೇರೆ ಕಡೆ ತೆಗೆದುಕೊಳ್ಳಿ: ನಿಮ್ಮ ಘಟನೆಯನ್ನು ಬರೆದು ಕೊಟ್ಟು, ಇದರ ಮೇಲೆ ಹದಿನೈದು ಉಪಪ್ರಶ್ನೆ ಕೇಳು ಅನ್ನಿ. ಅದು ಒಳ್ಳೆಯ ಬಳಕೆ. ಸಂದರ್ಶನದ ನಡುವೆ ಪಕ್ಕದ ಪರದೆ ನೋಡಿ ಓದುವುದು ಬೇಡವೇ ಬೇಡ. ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಎದುರಿನವರಿಗೆ ಕಾಣುತ್ತದೆ, ಗೊತ್ತಾದರೆ ಅಲ್ಲಿಗೆ ಮುಗಿಯಿತು.

ಕೇಳಿದ ಪ್ರಶ್ನೆಗೆ ಹೊಂದುವ ಘಟನೆ ಇಲ್ಲವೇ ಇಲ್ಲ ಅಂದಾಗ ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಅಂತ ಜಾರಬೇಡಿ. ‘ಸರಿಯಾಗಿ ಅಂಥದ್ದೇ ಸಂದರ್ಭ ಬಂದಿಲ್ಲ, ಅದಕ್ಕೆ ಹತ್ತಿರದ್ದೊಂದು ಇದೆ, ಹೇಳಲೇ?’ ಅಂತ ಕೇಳಿ. ಹೆಚ್ಚಿನವರು ಹೇಳಿ ಅನ್ನುತ್ತಾರೆ. ಉತ್ತರ ಶುರು ಮಾಡುವ ಮೊದಲು ಹತ್ತು ಹದಿನೈದು ಸೆಕೆಂಡ್ ಯೋಚಿಸುವುದಕ್ಕೂ ಯಾರೂ ಬೇಡ ಅನ್ನುವುದಿಲ್ಲ, ‘ಒಂದು ನಿಮಿಷ ಯೋಚಿಸಿ ಹೇಳುತ್ತೇನೆ’ ಅಂದುಬಿಡಿ ಸಾಕು.

ಸೋಲಿನ ಪ್ರಶ್ನೆ

‘ನೀವು ಸೋತ ಒಂದು ಸಂದರ್ಭ ಹೇಳಿ’ ಎಂಬ ಪ್ರಶ್ನೆಗೆ ಪ್ರತ್ಯೇಕವಾಗಿ ಸಮಯ ಕೊಡಿ. ಇದಕ್ಕೆ ಮೂರು ಬಗೆಯ ಕೆಟ್ಟ ಉತ್ತರಗಳು ಬರುತ್ತವೆ. ಸೋಲೇ ಅಲ್ಲದ ಸೋಲು: ನಾನು ಅತಿ ಅಚ್ಚುಕಟ್ಟು, ಅದೇ ನನ್ನ ದೋಷ. ಬೇರೆಯವರ ಸೋಲು: ತಂಡದವರು ಕೆಲಸ ಮಾಡಲಿಲ್ಲ, ಮೇಷ್ಟ್ರು ಸರಿಯಾಗಿ ಪಾಠ ಮಾಡಲಿಲ್ಲ. ವಿಧಿಯ ಸೋಲು: ಜ್ವರ ಬಂತು, ಮಳೆ ಬಂತು. ಬೇಕಾದದ್ದು ನಿಮ್ಮ ಒಂದು ನಿರ್ಧಾರದಿಂದ ಆದ ನಷ್ಟ. ಫೆಸ್ಟ್‌ಗೆ ಎಷ್ಟು ಜನ ಬರುತ್ತಾರೆ ಅಂತ ಗೂಗಲ್ ಫಾರ್ಮ್ ನಂಬಿ 200 ಊಟ ಹೇಳಿದಿರಿ, ಬಂದವರು 120, ಉಳಿದ ಊಟದ ದುಡ್ಡು ಕಮಿಟಿಯ ಮೇಲೆ ಬಿತ್ತು. ಇದು ಸರಿಯಾದ ಗಾತ್ರದ ಸೋಲು. ಆಮೇಲೆ ಏನು ಬದಲಾಯಿಸಿದಿರಿ ಅನ್ನುವುದು ಅರ್ಧ ಉತ್ತರ, ಬದಲಾಯಿಸಿದ್ದನ್ನು ಮುಂದಿನ ಸಲ ಎಲ್ಲಿ ಬಳಸಿದಿರಿ ಅನ್ನುವುದು ಉಳಿದರ್ಧ: ಮುಂದಿನ ಕಾರ್ಯಕ್ರಮದಲ್ಲಿ 50 ರೂಪಾಯಿ ಮುಂಗಡ ತೆಗೆದುಕೊಂಡೇ ಹೆಸರು ಬರೆದುಕೊಂಡಿರಿ, ಅಡುಗೆಯವರಿಗೆ ಎರಡು ದಿನ ಮುಂಚೆ ಕೊನೆಯ ಸಂಖ್ಯೆ ಕೊಡುವ ಒಪ್ಪಂದ ಮಾಡಿಕೊಂಡಿರಿ. ‘ಅದರಿಂದ ಬಹಳ ಕಲಿತೆ’ ಎಂಬ ಮಾತಿಗೆ ಈ ಎರಡನೇ ಘಟನೆ ಇಲ್ಲದಿದ್ದರೆ ತೂಕವಿಲ್ಲ.

ಕಾಪಿ ಹೊಡೆದದ್ದು, ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಇಲ್ಲಿಗೆ ತರಬೇಡಿ. ಇಂಟರ್ನ್‌ಶಿಪ್ ಘಟನೆ ಹೇಳುವಾಗ ಆ ಕಂಪನಿಯ ಗ್ರಾಹಕರ ಹೆಸರು, ಒಳಗಿನ ಅಂಕಿ ಬಿಟ್ಟುಕೊಡಬೇಡಿ. ನಾಳೆ ತಮ್ಮ ಗುಟ್ಟನ್ನು ಹೇಗೆ ಕಾಪಾಡುತ್ತೀರಿ ಅನ್ನುವುದನ್ನೂ ಅವರು ಅಲ್ಲೇ ಅಳೆಯುತ್ತಾರೆ.

ಭಾಷೆ, ಅಭ್ಯಾಸ, ಮಳೆ

ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೂ ಘಟನೆಯನ್ನು ಮೊದಲು ಕನ್ನಡದಲ್ಲೇ ಯಾರಿಗಾದರೂ ಹೇಳಿ. ಅಮ್ಮನಿಗೆ ಹೇಳಿದರೂ ಸರಿ. ಯಾವುದರ ನಂತರ ಯಾವುದು, ಯಾವುದು ಮುಖ್ಯ ಎಂಬುದು ಕನ್ನಡದಲ್ಲಿ ತಿಳಿಯಾದ ಮೇಲೆ ಇಂಗ್ಲಿಷಿಗೆ ಹೋಗಿ. ಗಿಡ್ಡ ವಾಕ್ಯ, ಭೂತಕಾಲ: ಐ ಚೆಕ್ಡ್, ಐ ಆಸ್ಕ್ಡ್, ಐ ಚೇಂಜ್ಡ್. ‘ಐ ವಾಸ್ ಡೂಯಿಂಗ್’ ಅಂತ ಎಳೆದರೆ ಕೆಲಸ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ಉಚ್ಚಾರಣೆಯ ಚಿಂತೆ ಬಿಡಿ, ವೇಗದ ಚಿಂತೆ ಮಾಡಿ. ಹೆದರಿಕೆಯಲ್ಲಿ ಎಲ್ಲರೂ ಓಡುತ್ತಾರೆ. ಉತ್ತರವನ್ನು ಬರೆದು ಉರು ಹೊಡೆಯಬೇಡಿ. ನಾಲ್ಕೈದು ಗುರುತಿನ ಪದ ಬರೆದಿಟ್ಟುಕೊಂಡು ಪ್ರತಿಸಲ ಹೊಸದಾಗಿ ಹೇಳಿ. ಉರು ಹೊಡೆದವರನ್ನು ನಡುವೆ ತಡೆದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮೂರು ವಾರ ಇದ್ದರೆ ಮೊದಲ ವಾರ ಹಾಳೆ ತುಂಬುವುದಕ್ಕೆ, ಎರಡನೇ ವಾರ ಒಬ್ಬರೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳುವುದಕ್ಕೆ, ಮೂರನೇ ವಾರ ಜೋಡಿಯಾಗಿ. ಜೋಡಿ ಅಭ್ಯಾಸದಲ್ಲಿ ಗೆಳೆಯ ‘ಚೆನ್ನಾಗಿತ್ತು ಮಾರಾಯ’ ಅಂದರೆ ಏನೂ ಪ್ರಯೋಜನ ಇಲ್ಲ. ನೀವು ಹೇಳುವಾಗ ಅವನು ಟಿಪ್ಪಣಿ ಬರೆಯಲಿ, ಮುಗಿದ ಮೇಲೆ ಅದನ್ನು ಓದಿ ಹೇಳಲಿ. ನೀವು ಏನು ಮಾಡಿದಿರಿ ಎಂಬುದಕ್ಕೆ ಅವನ ಹಾಳೆಯಲ್ಲಿ ಮೂರು ಸಾಲಾದರೂ ಇಲ್ಲದಿದ್ದರೆ ಉತ್ತರ ಇನ್ನೂ ಹದಕ್ಕೆ ಬಂದಿಲ್ಲ. ನಿಮಗೆ ಹೇಳಿದಂತೆ ಅನ್ನಿಸಿದ್ದಕ್ಕೂ ಅವನು ಬರೆದುಕೊಂಡದ್ದಕ್ಕೂ ಇರುವ ಅಂತರವನ್ನು ಮೊದಲ ಸಲ ನೋಡಿದಾಗ ಎಲ್ಲರೂ ಬೆರಗಾಗುತ್ತಾರೆ.

ಆನ್‌ಲೈನ್ ಸಂದರ್ಶನ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬಂದರೆ ನಮ್ಮ ಕಡೆ ಬೇರೆಯದೇ ತಯಾರಿ ಬೇಕು. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದಲ್ಲಿ ಮನೆ ಇರುವವರು ಸಾಧ್ಯವಾದರೆ ಹಿಂದಿನ ದಿನವೇ ಶಿವಮೊಗ್ಗಕ್ಕೆ ಬಂದುಬಿಡಿ. ಮನೆಯಿಂದಲೇ ಅಂದರೆ ಎರಡು ಬೇರೆ ಕಂಪನಿಯ ಸಿಮ್ ಇರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ವೈಫೈ ಇದ್ದರೆ ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿ. ಕರೆಂಟ್ ಹೋಗಿ ಗಂಟೆಗಟ್ಟಲೆ ಆದರೆ ಮೊಬೈಲ್ ಟವರ್ ಕೂಡ ಮಲಗುತ್ತದೆ, ಅದನ್ನು ಲೆಕ್ಕದಲ್ಲಿಡಿ. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಗೆಳೆಯನಿಗೆ ಅರ್ಧ ಗಂಟೆ ವಿಡಿಯೊ ಕಾಲ್ ಮಾಡಿ ನೋಡಿ. ತಗಡಿನ ಮಾಡಿನ ಕೆಳಗೆ ಜಡಿಮಳೆ ಬಂದರೆ ಲ್ಯಾಪ್‌ಟಾಪ್‌ನ ಮೈಕ್‌ನಲ್ಲಿ ನಿಮ್ಮ ದನಿ ಮುಳುಗಿಹೋಗುತ್ತದೆ. ಬಾಯಿಯ ಹತ್ತಿರ ಮೈಕ್ ಬರುವ ವೈರಿನ ಹೆಡ್‌ಸೆಟ್ ಬಳಸಿ. ಸಂದರ್ಶನ ಗೊತ್ತು ಮಾಡಿದವರ ಫೋನ್ ನಂಬರ್ ಮೊದಲೇ ಕೇಳಿಟ್ಟುಕೊಳ್ಳಿ. ಸಂಪರ್ಕ ಕಡಿದರೆ ಎರಡೇ ನಿಮಿಷದಲ್ಲಿ ಕರೆ ಮಾಡಿ ತಿಳಿಸಿ. ಅರ್ಧ ಗಂಟೆ ಬಿಟ್ಟು ಹೇಳಿದ ಕಾರಣಕ್ಕೆ ಬೆಲೆ ಕಡಿಮೆ.

ಕೊನೆಯಲ್ಲಿ ‘ನೀವು ಏನಾದರೂ ಕೇಳುವುದಿದೆಯೇ?’ ಅನ್ನುತ್ತಾರೆ. ಇಲ್ಲ ಅನ್ನಬೇಡಿ. ಈ ತಂಡದಲ್ಲಿ ಹೊಸಬರು ಮೊದಲ ಮೂರು ತಿಂಗಳು ಏನು ಮಾಡುತ್ತಾರೆ, ಕೆಲಸದಲ್ಲಿ ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಹೇಗೆ ಆಗುತ್ತದೆ ಎಂಬಂಥ ಎರಡು ಪ್ರಶ್ನೆ ಇಟ್ಟುಕೊಂಡಿರಿ. ಸಂಬಳದ ವಿಷಯ ಎಚ್‌ಆರ್ ಜೊತೆ.

ಮುಗಿಸಿ ಎದ್ದ ಕೂಡಲೇ, ಅವತ್ತೇ, ಕೇಳಿದ ಪ್ರಶ್ನೆಗಳು ಮತ್ತು ಉಪಪ್ರಶ್ನೆಗಳನ್ನು ನೆನಪಿದ್ದಷ್ಟು ಬರೆದಿಡಿ. ನೀವು ತಡವರಿಸಿದ ಕಡೆ ಗುರುತು ಹಾಕಿ. ಆಯ್ಕೆ ಆಗದಿದ್ದರೆ ದೊಡ್ಡ ಕಂಪನಿಗಳು ಕಾರಣ ಹೇಳುವುದು ಅಪರೂಪ, ಆದರೆ ಕೆಲವು ತಿಂಗಳ ನಂತರ ಮತ್ತೆ ಅರ್ಜಿ ಹಾಕಲು ಹಲವು ಕಡೆ ಅವಕಾಶ ಇದೆ. ಆ ದಿನಾಂಕವನ್ನು ಮೊಬೈಲ್‌ನಲ್ಲಿ ಗುರುತು ಮಾಡಿಕೊಂಡು, ಗುರುತು ಹಾಕಿದ ಆ ಪ್ರಶ್ನೆಗಳಿಂದಲೇ ಹಾಳೆಯನ್ನು ತಿದ್ದಲು ಶುರು ಮಾಡಿ.